ತಾಳೆಯಾಗದ ಮೊತ್ತ: ಚೆಕ್‌ಸಮ್ ತಪ್ಪು ಹಿಡಿಯುವುದು ಹೇಗೆ, ಯಾವಾಗ ಕೈಕೊಡುತ್ತದೆ

ಮಲ್ಪೆ ಬಂದರಿನಿಂದ ಮಂಗಳೂರಿನ ವ್ಯಾಪಾರಿಗೆ ಫೋನಿನಲ್ಲಿ ಮೀನಿನ ಪೆಟ್ಟಿಗೆಗಳ ಲೆಕ್ಕ ಹೇಳುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಬಂಗುಡೆ 47, ಬೂತಾಯಿ 112, ಅಂಜಲ್ 8, ಸಿಗಡಿ 23, ಮಾಂಜಿ 30. ಕೊನೆಗೆ ಒಂದು ಮಾತು: ‘ಒಟ್ಟು 220’. ಆ ಕೊನೆಯ ಮಾತೇ ಚೆಕ್‌ಸಮ್. ಗದ್ದಲದಲ್ಲಿ 112 ಎಂಬುದು 122 ಎಂದು ಕೇಳಿಸಿದರೆ ಈ ಕಡೆ ಕೂಡಿದಾಗ 230 ಬರುತ್ತದೆ, ತಾಳೆಯಾಗುವುದಿಲ್ಲ, ಇನ್ನೊಮ್ಮೆ ಓದಿಸಿಕೊಳ್ಳುತ್ತಾರೆ. ಕಂಪ್ಯೂಟರ್ ಮಾಡುವುದೂ ಇಷ್ಟೇ. ಮೀನಿನ ಪೆಟ್ಟಿಗೆಯ ಬದಲು ಅಲ್ಲಿ ಬೈಟ್‌ಗಳಿರುತ್ತವೆ, ಒಂದೊಂದರ ಬೆಲೆ 0ಯಿಂದ 255ರವರೆಗೆ.

ಮೊತ್ತ ತಾಳೆಯಾಗದಿದ್ದರೆ ಎಲ್ಲೋ ತಪ್ಪಾಗಿರುವುದು ಖಚಿತ. ತಾಳೆಯಾದರೆ ಮಾತ್ರ ಎಲ್ಲ ಸರಿ ಎಂಬುದು ಅಷ್ಟೇ ಖಚಿತವಲ್ಲ, ಬಹುಮಟ್ಟಿಗೆ ಸರಿ ಎಂದಷ್ಟೇ ಹೇಳಬಹುದು. ಆ ‘ಬಹುಮಟ್ಟಿಗೆ’ ಎಷ್ಟು ದೊಡ್ಡದು ಎನ್ನುವುದು ಎರಡು ಸಂಗತಿಗಳ ಮೇಲೆ ನಿಂತಿದೆ: ಯಾವ ಲೆಕ್ಕ ಬಳಸಿದ್ದೀರಿ, ಮತ್ತು ತಪ್ಪು ತಾನಾಗಿ ಆದದ್ದೋ ಯಾರೋ ಬೇಕೆಂದೇ ಮಾಡಿದ್ದೋ. ಎರಡನೆಯದನ್ನು ಕೇಳಿಕೊಳ್ಳದೆ ಚೆಕ್‌ಸಮ್ ಆರಿಸುವವರೇ ಹೆಚ್ಚು. ಎಡವುವುದೂ ಅಲ್ಲೇ.

ಮೊದಲು ಕಾಗದ, ಪೆನ್ನು

ಕಂಪ್ಯೂಟರ್ ಮುಟ್ಟುವ ಮೊದಲು ಮೇಲಿನ ಐದು ಅಂಕಿಗಳನ್ನೇ ಇಟ್ಟುಕೊಂಡು ಹತ್ತು ನಿಮಿಷ ಲೆಕ್ಕ ಮಾಡಿ ನೋಡಿ. ಮುಂದಿನದೆಲ್ಲ ಸಲೀಸಾಗುತ್ತದೆ.

ಬಂಗುಡೆ 112, ಬೂತಾಯಿ 47 ಎಂದು ಅದಲುಬದಲು ಮಾಡಿ. ಮೊತ್ತ 220ರಲ್ಲೇ ಇರುತ್ತದೆ. ಬಂಗುಡೆಯಲ್ಲಿ ಒಂದು ಕಳೆದು ಬೂತಾಯಿಗೆ ಒಂದು ಸೇರಿಸಿ: 46, 113. ಮೊತ್ತ ಮತ್ತೆ 220. ನಡುವೆ ‘ಕಾಣೆ 0’ ಎಂಬ ಇನ್ನೊಂದು ಸಾಲು ತುರುಕಿದರೂ 220. ಬರಿಯ ಕೂಡುಲೆಕ್ಕಕ್ಕೆ ಈ ಮೂರು ತಪ್ಪುಗಳೂ ಕಾಣುವುದಿಲ್ಲ. ಇಂಟರ್‌ನೆಟ್‌ನಲ್ಲಿ ಟಿಸಿಪಿ ಎಂಬ ಸಾಗಣೆ ಕ್ರಮದ ಪೊಟ್ಟಣಗಳ ಜೊತೆ ಹೋಗುವ 16 ಬಿಟ್‌ನ (ಬಿಟ್ ಎಂದರೆ ಒಂದು 0 ಅಥವಾ 1, ಎಂಟು ಸೇರಿದರೆ ಒಂದು ಬೈಟ್) ಚೆಕ್‌ಸಮ್ ಕೂಡ ಒಂದು ಬಗೆಯ ಕೂಡುಲೆಕ್ಕವೇ. ಎರಡೆರಡು ಬೈಟ್‌ಗಳ ಎರಡು ತುಂಡುಗಳು ಜಾಗ ಬದಲಿಸಿಕೊಂಡರೆ ಅದಕ್ಕೂ ತಿಳಿಯುವುದಿಲ್ಲ. ‘ಡೌನ್‌ಲೋಡ್ ಪೂರ್ತಿಯಾಯಿತಲ್ಲ, ಇನ್ನೇನು’ ಎಂದು ಸುಮ್ಮನಿರಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಈಗ ಒಂದು ಸಣ್ಣ ಸುಧಾರಣೆ. ಒಂದೊಂದೇ ಅಂಕಿ ಕೂಡುತ್ತಾ ಹೋಗುವಾಗ ಆಯಾ ಹಂತದ ಮೊತ್ತವನ್ನು ಪಕ್ಕದಲ್ಲಿ ಬರೆದುಕೊಳ್ಳಿ: 47, 159, 167, 190, 220. ಈ ಹಂತದ ಮೊತ್ತಗಳನ್ನೆಲ್ಲ ಕೂಡಿದರೆ 783. ಈಗ ಕಳಿಸಬೇಕಾದದ್ದು ಎರಡು ಅಂಕಿ, 220 ಮತ್ತು 783. ಮೊದಲೆರಡು ಅದಲುಬದಲಾದರೆ ಹಂತದ ಮೊತ್ತಗಳು 112, 159, 167, 190, 220 ಆಗಿ ಕೂಡಿದಾಗ 848 ಬರುತ್ತದೆ. ಸಿಕ್ಕಿಬಿತ್ತು. 46, 113 ಮಾಡಿದರೆ 782. ಅದೂ ಸಿಕ್ಕಿತು. ಮೊದಲು ಬಂದದ್ದು ಹೆಚ್ಚು ಸಲ ಲೆಕ್ಕಕ್ಕೆ ಸೇರುವುದರಿಂದ ಯಾವುದು ಎಲ್ಲಿತ್ತು ಎಂಬುದೂ ಮೊತ್ತದೊಳಗೆ ಬಂದು ಕೂರುತ್ತದೆ. ಜಾನ್ ಫ್ಲೆಚರ್ 1970ರ ದಶಕದ ಕೊನೆಯಲ್ಲಿ ಕೊಟ್ಟ ಫ್ಲೆಚರ್ ಚೆಕ್‌ಸಮ್‌ನ ತಿರುಳು ಇದೇ. 1995ರಲ್ಲಿ ಮಾರ್ಕ್ ಆಡ್ಲರ್ ಮಾಡಿದ ಆಡ್ಲರ್-32 ಇದರ ತಮ್ಮ. ಅದು ಎರಡೂ ಮೊತ್ತಗಳನ್ನು 65,521ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳುತ್ತದೆ. 65,536ಕ್ಕಿಂತ ಚಿಕ್ಕದಾದ ಅವಿಭಾಜ್ಯ ಸಂಖ್ಯೆಗಳಲ್ಲಿ ಅದೇ ದೊಡ್ಡದು. ಪುಟ್ಟ ಫೈಲ್‌ಗಳಿಗೆ ಆಡ್ಲರ್ ಬೇಡ. 100 ಬೈಟ್‌ನ ಫೈಲ್‌ನಲ್ಲಿ ಅದರ ಮೊದಲ ಮೊತ್ತ 25,501 ದಾಟುವುದೇ ಇಲ್ಲ, ಇರುವ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಬಿದ್ದಿರುತ್ತವೆ.

ಇನ್ನು ಫ್ಲೆಚರ್‌ಗೂ ಮಂಕುಬೂದಿ ಎರಚೋಣ. 48, 110, 9, 23, 30 ಎಂದು ಬರೆಯಿರಿ. ಒಂದು ಹೆಚ್ಚು, ಎರಡು ಕಡಿಮೆ, ಒಂದು ಹೆಚ್ಚು. ಮೊತ್ತ 220. ಹಂತದ ಮೊತ್ತಗಳು 48, 158, 167, 190, 220, ಕೂಡಿದರೆ 783. ಎರಡೂ ತಾಳೆಯಾದವು, ಪಟ್ಟಿ ಮಾತ್ರ ಬೇರೆ. ಬೇರೆ ಬೇರೆ ಎರಡು ಪಟ್ಟಿಗಳಿಗೆ ಒಂದೇ ಚೆಕ್‌ಸಮ್ ಬರುವ ಇದನ್ನೇ ಕೊಲಿಷನ್ ಎನ್ನುತ್ತಾರೆ, ಕನ್ನಡದಲ್ಲಿ ಡಿಕ್ಕಿ ಎಂದರೂ ಸಾಕು. ಫೋನಿನ ಗದ್ದಲಕ್ಕೆ ಹೀಗೆ ಹೊಂದಿಸಿ ತಪ್ಪು ಮಾಡುವುದು ಕಷ್ಟ. ಪೆನ್ನು ಹಿಡಿದು ಕೂತ ಮನುಷ್ಯನಿಗೆ ಅರ್ಧ ನಿಮಿಷದ ಕೆಲಸ. ಈ ವ್ಯತ್ಯಾಸ ನೆನಪಿರಲಿ.

ದೋಣಿಯ ಜಿಪಿಎಸ್‌ನಲ್ಲಿ ಒಂದು ಬಿಟ್

ಟ್ರಾಲರ್‌ಗಳಲ್ಲಿರುವ ಜಿಪಿಎಸ್ ಸಾಧನದಿಂದ ಫಿಶ್ ಫೈಂಡರ್‌ಗೋ ನಕ್ಷೆ ತೋರಿಸುವ ಪ್ಲಾಟರ್‌ಗೋ ವೈರಿನಲ್ಲಿ ಹೋಗುವ ಮಾಹಿತಿ ಬಹಳ ಕಡೆ ಎನ್‌ಎಂಇಎ 0183 ಎಂಬ ಕ್ರಮದಲ್ಲಿರುತ್ತದೆ. ಸಾಮಾನ್ಯ ವೇಗ ಸೆಕೆಂಡಿಗೆ 4800 ಬಿಟ್. ಪ್ರತಿ ಸಾಲು ಡಾಲರ್ ಗುರುತಿನಿಂದ ಶುರುವಾಗಿ ನಕ್ಷತ್ರ ಗುರುತಿನಲ್ಲಿ ಮುಗಿಯುತ್ತದೆ. ನಕ್ಷತ್ರದ ನಂತರದ ಎರಡು ಅಕ್ಷರಗಳೇ ಚೆಕ್‌ಸಮ್. ನಡುವಿನ ಅಕ್ಷರಗಳನ್ನೆಲ್ಲ ಒಂದರ ಮೇಲೊಂದು ‘ಎಕ್ಸ್‌ಆರ್’ ಮಾಡಿದಾಗ ಉಳಿಯುವ ಬೆಲೆ ಅದು. ಎಕ್ಸ್‌ಆರ್ ಎಂದರೆ ಬಿಟ್ ಬಿಟ್ ಹೋಲಿಸಿ, ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1.

ಮಲ್ಪೆ ಇರುವುದು ಸುಮಾರು 13 ಡಿಗ್ರಿ 21 ನಿಮಿಷ ಉತ್ತರ ಅಕ್ಷಾಂಶದಲ್ಲಿ. ಸಾಲಿನಲ್ಲಿ ‘21’ ಇದ್ದ ಕಡೆ ಎರಡೂ ಅಕ್ಷರಗಳ ಕಟ್ಟಕಡೆಯ ಬಿಟ್ ತಿರುವುಮುರುವಾಯಿತು ಎನ್ನಿ. ಅಕ್ಷರ 2ರ ಬಿಟ್‌ಗಳು 0110010. ಕೊನೆಯದು ತಿರುಗಿದರೆ 0110011, ಅದು 3. ಅಕ್ಷರ 1ರ ಬಿಟ್‌ಗಳು 0110001; ಕೊನೆಯದು ತಿರುಗಿದರೆ 0110000, ಅದು 0. ಹೀಗೆ 21 ಹೋಗಿ 30 ಆಯಿತು. 2 ಮತ್ತು 1ರ ಎಕ್ಸ್‌ಆರ್ 0000011, 3 ಮತ್ತು 0ಯದೂ 0000011. ಚೆಕ್‌ಸಮ್ ಅಲುಗಲಿಲ್ಲ. ಅಕ್ಷಾಂಶದ ಒಂದು ನಿಮಿಷವೆಂದರೆ ಒಂದು ನಾಟಿಕಲ್ ಮೈಲು, 1.852 ಕಿ.ಮೀ. ಪರದೆಯ ಮೇಲೆ ದೋಣಿ ಒಂಬತ್ತು ಮೈಲು, ಅಂದರೆ 16.7 ಕಿ.ಮೀ. ಬಡಗಕ್ಕೆ ಹಾರಿತು. 21 ಎಂಬುದು 12 ಆದರೂ ಇದೇ ಕತೆ, ಈ ಸಲ ತೆಂಕಕ್ಕೆ.

ಎಂಟು ಬಿಟ್‌ನ ಚೆಕ್‌ಸಮ್‌ಗೆ ಇರುವುದೇ 256 ಮನೆ. ಪೂರ್ತಿ ಕಲಸಿಹೋದ ಸಾಲೂ 256ಕ್ಕೆ ಒಂದರಂತೆ ಪಾಸಾಗಿಬಿಡಬಹುದು. ಇಲ್ಲಿ ನೆರವಿಗೆ ಬರುವುದು ಮುಂದಿನ ಸಾಲು: ಸೆಕೆಂಡಿಗೊಂದರಂತೆ ಬರುವ ಸಾಲುಗಳಲ್ಲಿ ಒಂದು ಮಾತ್ರ ಹದಿನಾರು ಕಿಲೋಮೀಟರ್ ಹಾರಿ ಮರುಕ್ಷಣ ವಾಪಸ್ ಬಂದರೆ ಅದನ್ನು ಕೈಬಿಡಬೇಕು ಎಂಬ ಜಾಣತನ ತಂತ್ರಾಂಶದಲ್ಲಿರಬೇಕು. ಜಿಪಿಎಸ್ ಡೇಟಾ ಓದುವ ಪ್ರೋಗ್ರಾಂ ಬರೆಯುವ ನಮ್ಮ ಕರಾವಳಿಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಚೆಕ್‌ಸಮ್ ನೋಡಿ ಕೈತೊಳೆದುಕೊಳ್ಳದೆ ಈ ಎರಡನೆಯ ಪರೀಕ್ಷೆಯನ್ನೂ ಹಾಕಲೇಬೇಕು.

ಭಾಗಿಸಿ ಶೇಷ ಇಟ್ಟುಕೊಳ್ಳುವ ದಾರಿ: ಸಿಆರ್‌ಸಿ

ಕೂಡುವುದರ ಬದಲು ಭಾಗಾಕಾರ ಮಾಡಿದರೆ ಪಟ್ಟು ಬಿಗಿಯಾಗುತ್ತದೆ. 47 ಮತ್ತು 112ನ್ನು ಅಕ್ಕಪಕ್ಕ ಬರೆದು 47112 ಎಂಬ ಒಂದೇ ಸಂಖ್ಯೆ ಎಂದು ಓದಿ, 97ರಿಂದ ಭಾಗಿಸಿ. ಶೇಷ 67. 47ರ ಬದಲು 74 ಎಂದು ಬರೆದರೆ 74112, ಶೇಷ 4. ಒಂದಂಕಿ ಸರಿದರೂ ಶೇಷ ಎಲ್ಲಿಂದೆಲ್ಲಿಗೋ ಜಿಗಿಯುತ್ತದೆ. ಹಾಗಾದರೆ ಡಿಕ್ಕಿ ಯಾವಾಗ? ತಪ್ಪಿನ ಗಾತ್ರ ಸರಿಯಾಗಿ 97ರ ಮಗ್ಗಿಯಲ್ಲಿ ಬಂದಾಗ. 47209 ತೆಗೆದುಕೊಳ್ಳಿ, 47112ಕ್ಕಿಂತ 97 ಹೆಚ್ಚು. ಶೇಷ ಮತ್ತೆ 67.

ಸಿಆರ್‌ಸಿ ಮಾಡುವುದು ಇದನ್ನೇ. ಇಡೀ ಫೈಲನ್ನು ಒಂದು ಉದ್ದನೆಯ ಬಿಟ್‌ಸಾಲು ಎಂದು ಹಿಡಿದು, ಗೊತ್ತಾದ ಒಂದು ಭಾಜಕದಿಂದ ಭಾಗಿಸುತ್ತದೆ. ಕಳೆಯುವಾಗ ದಶಕ ತೆಗೆದುಕೊಳ್ಳುವ ಗೋಜಿಲ್ಲ, ಎಕ್ಸ್‌ಆರ್ ಮಾಡಿದರಾಯಿತು. ಹಾರ್ಡ್‌ವೇರ್‌ನಲ್ಲಿ ಇದು ಬಲು ಅಗ್ಗ. ಡಬ್ಲ್ಯು. ವೆಸ್ಲಿ ಪೀಟರ್ಸನ್ 1961ರಲ್ಲಿ ಮುಂದಿಟ್ಟ ಈ ವಿಧಾನ ಇಂದು ಈಥರ್‌ನೆಟ್‌ನ ಪ್ರತಿ ಫ್ರೇಮ್‌ನ ತುದಿಯ 4 ಬೈಟ್‌ಗಳಲ್ಲಿ, ಜಿಪ್ ಫೈಲ್‌ನಲ್ಲಿ, ಪಿಎನ್‌ಜಿ ಚಿತ್ರದಲ್ಲಿ ಇದೆ.

ಭಾಜಕ ಸರಿಯಾಗಿದ್ದರೆ, 32 ಬಿಟ್‌ನ ಶೇಷ ಇಟ್ಟುಕೊಳ್ಳುವ ಸಿಆರ್‌ಸಿ-32 ಕೊಡುವ ಭರವಸೆ ಅದೃಷ್ಟದ ಮಾತಲ್ಲ, ಗಣಿತದ ಮಾತು. ಒಂದೇ ಒಂದು ಬಿಟ್ ಕೆಟ್ಟರೆ ಸಿಕ್ಕಿಯೇ ಸಿಗುತ್ತದೆ. ಒಂದರ ಪಕ್ಕ ಒಂದರಂತೆ 32 ಬಿಟ್‌ಗಳೊಳಗೆ ಗುಂಪಾಗಿ ಬಿದ್ದ ತಪ್ಪು ಎಂಥದೇ ಇರಲಿ, ಸಿಕ್ಕಿಯೇ ಸಿಗುತ್ತದೆ. ಸಡಿಲ ಕೇಬಲ್, ಸಿಡಿಲಿನ ಹೊಡೆತ, ಮೋಟಾರಿನ ಸದ್ದು ಮಾಡುವ ಹಾನಿ ಹೀಗೆ ಗುಂಪಾಗಿಯೇ ಬೀಳುವುದರಿಂದ ಸಿಆರ್‌ಸಿ ಇಷ್ಟು ಬಾಳಿಕೆ ಬಂದಿದೆ. ತೀರ ಚೆಲ್ಲಾಪಿಲ್ಲಿಯಾದ ಹಾನಿಯಾದರೆ ತಪ್ಪಿಸಿಕೊಳ್ಳುವ ಸಂಭವ 429 ಕೋಟಿಗೆ ಒಂದು.

ನಿಮ್ಮ ಟೂಲ್ ಸರಿಯಾದ ಸಿಆರ್‌ಸಿ-32 ಲೆಕ್ಕಿಸುತ್ತಿದೆಯೇ ಎಂದು ನೋಡಲು ಒಂದು ಒರೆಗಲ್ಲಿದೆ. 1ರಿಂದ 9ರವರೆಗಿನ ಒಂಬತ್ತು ಇಂಗ್ಲಿಷ್ ಅಂಕಿಗಳನ್ನು ಜಾಗ ಬಿಡದೆ ಬರೆದ ಫೈಲ್‌ಗೆ ಬೆಲೆ 3421780262 ಬರಬೇಕು. ಟೂಲ್ ಹದಿನಾರರ ಮಾನದಲ್ಲಿ ತೋರಿಸುವಂಥದ್ದಾದರೆ ಸಿಬಿಎಫ್43926. ಬೇರೇನೋ ಬಂದರೆ ಮೊದಲು ಫೈಲ್‌ನ ಗಾತ್ರ ನೋಡಿ, 9 ಬೈಟ್ ಇರಬೇಕು. 10 ಅಥವಾ 11 ಇದ್ದರೆ ಎಡಿಟರ್ ಕೊನೆಯಲ್ಲಿ ಒಂದು ಎಂಟರ್ ಒತ್ತಿಬಿಟ್ಟಿದೆ.

ನಾವು ದಿನಾ ಟೈಪ್ ಮಾಡುವ ನಂಬರುಗಳಲ್ಲೂ ಇಂಥ ಕಾವಲು ಅಂಕಿ ಇರುತ್ತದೆ. ಬ್ಯಾಂಕ್ ಕಾರ್ಡ್ ಮತ್ತು ಮೊಬೈಲಿನ ಐಎಂಇಐ ಬಳಸುವುದು ಲೂನ್ ಲೆಕ್ಕ. ಅದು ಅಕ್ಕಪಕ್ಕದ 09 ಮತ್ತು 90 ಅದಲುಬದಲಾದರೆ ಮಾತ್ರ ಗುರುತಿಸದು. ಪುಸ್ತಕದ 13 ಅಂಕಿಯ ಐಎಸ್‌ಬಿಎನ್‌ಗೆ, ನಡುವೆ ಐದರ ಅಂತರವಿರುವ ಅಕ್ಕಪಕ್ಕದ ಅಂಕಿಗಳು, ಅಂದರೆ 1 ಮತ್ತು 6 ಅಥವಾ 2 ಮತ್ತು 7, ಜಾಗ ಬದಲಿಸಿದರೆ ತಿಳಿಯದು. ಆಧಾರ್ ಬಳಸುವ ವೆರ್ಹೂಫ್ ಲೆಕ್ಕ ಒಂದಂಕಿಯ ಎಲ್ಲ ತಪ್ಪುಗಳನ್ನೂ ಅಕ್ಕಪಕ್ಕದ ಎಲ್ಲ ಅದಲುಬದಲನ್ನೂ ಹಿಡಿಯುತ್ತದೆ. ಹಾಗೆಂದು ತಾಳೆಯಾದ ನಂಬರೆಲ್ಲ ಅಸಲಿ ಆಧಾರ್ ಎಂದೇನೂ ಅಲ್ಲ. ಕೈತಪ್ಪು ಆಗಿಲ್ಲ ಎಂಬುದಷ್ಟೇ ಅದರ ಅರ್ಥ.

ಡಿಕ್ಕಿ ಯಾವಾಗ, ಎಷ್ಟು ಸಲ

ಡಿಕ್ಕಿ ಇರಲೇಬೇಕು. 32 ಬಿಟ್‌ನಲ್ಲಿ ಒಟ್ಟು 4,29,49,67,296 ಬೆಲೆಗಳಿವೆ, ಲೋಕದಲ್ಲಿ ಇರಬಹುದಾದ ಫೈಲ್‌ಗಳಿಗೆ ಲೆಕ್ಕವಿಲ್ಲ. ಗೂಡು ಕಡಿಮೆ, ಪಾರಿವಾಳ ಹೆಚ್ಚು. ಆದರೆ ‘ಎಷ್ಟು ಸಂಭವ’ ಎಂಬ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಅವನ್ನು ಬೆರೆಸಿಬಿಟ್ಟರೆ ಫೋಟೋಗಳು ಅಳಿಸಿಹೋಗುತ್ತವೆ.

ಮೊದಲನೆಯದು: ಈ ಒಂದು ಫೈಲ್ ಕೆಟ್ಟರೂ ಇದರ ಹಳೆಯ ಸಿಆರ್‌ಸಿ-32 ಹಾಗೇ ಬರುವ ಸಂಭವ ಎಷ್ಟು? 429 ಕೋಟಿಗೆ ಒಂದು. ನೆಮ್ಮದಿಯಾಗಿರಬಹುದು.

ಎರಡನೆಯದು: ನನ್ನ ಬಳಿಯಿರುವ ಇಷ್ಟೊಂದು ಫೈಲ್‌ಗಳಲ್ಲಿ ಯಾವುದಾದರೂ ಎರಡಕ್ಕೆ ಒಂದೇ ಬೆಲೆ ಬರುವ ಸಂಭವ ಎಷ್ಟು? ಇದು ಹುಟ್ಟುಹಬ್ಬದ ಲೆಕ್ಕ. ಮದುವೆ ಊಟದ ಪಂಕ್ತಿಯಲ್ಲಿ 23 ಜನ ಕೂತಿದ್ದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ತುಸು ಹೆಚ್ಚು, ಏಕೆಂದರೆ 23 ಜನರಲ್ಲಿ 253 ಜೋಡಿಗಳಾಗುತ್ತವೆ. ಇದೇ ರೀತಿ 16 ಬಿಟ್‌ನ ಚೆಕ್‌ಸಮ್‌ನಲ್ಲಿ ಸುಮಾರು 300 ಫೈಲ್‌ಗಳಿಗೇ ಅರ್ಧ ಸಂಭವ ಬಂದುಬಿಡುತ್ತದೆ, 32 ಬಿಟ್‌ನಲ್ಲಿ ಸುಮಾರು 77,000 ಫೈಲ್‌ಗಳಿಗೆ. ಒಂದು ಸ್ಟುಡಿಯೋದಲ್ಲಿ ಲಕ್ಷ ಫೋಟೋ ಇದ್ದರೆ ಶೇ. 69. ಪ್ಲಮ್‌ಲೆಸ್, ಬಕರೂ ಎಂಬ ಎಂಟೆಂಟು ಅಕ್ಷರದ ಎರಡು ಇಂಗ್ಲಿಷ್ ಪದಗಳಿಗೆ ಒಂದೇ ಸಿಆರ್‌ಸಿ-32 ಬರುತ್ತದೆ. ನಿಘಂಟಿನಷ್ಟು ಪದಗಳನ್ನು ಗುಡ್ಡೆಹಾಕಿದರೆ ಇಂಥ ಜೋಡಿ ಸಿಗುವುದರಲ್ಲಿ ಆಶ್ಚರ್ಯವಿಲ್ಲ.

ಡೂಪ್ಲಿಕೇಟ್ ಫೋಟೋ ಹುಡುಕಿ ಅಳಿಸುವ ಪ್ರೋಗ್ರಾಂ ಬರಿಯ ಸಿಆರ್‌ಸಿ-32 ನಂಬಿದರೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಫೋಟೋಗಳಲ್ಲಿ ಒಂದು ಮಾಯವಾಗಬಹುದು. ಅಳಿಸುವ ಮೊದಲು ಗಾತ್ರ ಹೋಲಿಸಬೇಕು, ಆಮೇಲೆ ಬೈಟ್‌ಗೆ ಬೈಟ್ ಹೋಲಿಸಬೇಕು. ಆ ಆಯ್ಕೆ ಇಲ್ಲದ ಪ್ರೋಗ್ರಾಂ ಇಟ್ಟುಕೊಳ್ಳಬೇಡಿ.

ಶಾ-256 ಎಂಬ 256 ಬಿಟ್‌ನ ಚೆಕ್‌ಸಮ್ ಬಳಸಿದರೆ ಈ ಚಿಂತೆಯೇ ಇಲ್ಲ. ಲಕ್ಷ ಕೋಟಿ ಫೈಲ್‌ಗಳಿದ್ದರೂ ಯಾವುದೋ ಎರಡು ತಾನಾಗಿ ಡಿಕ್ಕಿಯಾಗುವ ಸಂಭವ ಬರೆಯಲು ದಶಮಾಂಶ ಬಿಂದುವಿನ ನಂತರ 53 ಸೊನ್ನೆ ಬರೆದು ಆಮೇಲೆ 4 ಬರೆಯಬೇಕು.

ಎದುರಿಗೆ ಮನುಷ್ಯನಿದ್ದಾಗ

ಇಷ್ಟು ಹೊತ್ತು ಹೇಳಿದ್ದೆಲ್ಲ ತಾನಾಗಿ ಆಗುವ ತಪ್ಪಿನ ಮಾತು. ಬೇಕೆಂದೇ ಬದಲಾಯಿಸುವವನ ಮುಂದೆ ಸಿಆರ್‌ಸಿ ಬೇಲಿಯಿಲ್ಲದ ಗದ್ದೆ. ಫೈಲ್‌ನಲ್ಲಿ ಏನು ಬೇಕೋ ಬದಲಿಸಿ, ತುದಿಗೆ ಲೆಕ್ಕಹಾಕಿದ ನಾಲ್ಕು ಬೈಟ್ ಅಂಟಿಸಿದರೆ ಬೇಕಾದ ಸಿಆರ್‌ಸಿ-32 ಬರುತ್ತದೆ. ಹಳೆಯ ವೈಫೈ ರಕ್ಷಣೆ ಡಬ್ಲ್ಯುಇಪಿ ಇದನ್ನೇ ಕಾವಲಿಗಿಟ್ಟುಕೊಂಡಿತ್ತು. ಕದ್ದು ಬದಲಿಸಿದರೂ ಗೊತ್ತಾಗದು ಎಂಬುದನ್ನು 2001ರಲ್ಲೇ ಸಂಶೋಧಕರು ತೋರಿಸಿಕೊಟ್ಟರು.

ಎಂಡಿ5 ಎಂಬ ಚೆಕ್‌ಸಮ್ ಇಂಥವರನ್ನು ತಡೆಯಲೆಂದೇ ರೊನಾಲ್ಡ್ ರಿವೆಸ್ಟ್ ಮಾಡಿದ್ದು, 128 ಬಿಟ್‌ನದು. 2004ರಲ್ಲಿ ಶಿಯಾಯುನ್ ವಾಂಗ್ ಮತ್ತು ಸಂಗಡಿಗರು ಅದರಲ್ಲಿ ಡಿಕ್ಕಿ ಮಾಡಿ ತೋರಿಸಿದರು. 2008ರಲ್ಲಿ ಸುಮಾರು 200 ಪ್ಲೇಸ್ಟೇಷನ್ 3 ಯಂತ್ರಗಳನ್ನು ಹೂಡಿ ವೆಬ್‌ಸೈಟ್‌ಗಳು ಅಸಲಿ ಎಂದು ಸಹಿ ಹಾಕುವ ಪ್ರಮಾಣಪತ್ರ ಪ್ರಾಧಿಕಾರದ ನಕಲಿಯನ್ನೇ ಹುಟ್ಟುಹಾಕಿ ತೋರಿಸಲಾಯಿತು. 2012ರಲ್ಲಿ ಬಯಲಾದ ಫ್ಲೇಮ್ ಎಂಬ ಮಾಲ್‌ವೇರ್ ಈ ದೌರ್ಬಲ್ಯವನ್ನು ನಿಜವಾಗಿಯೂ ಬಳಸಿತ್ತು. ಶಾ-256ಕ್ಕಿಂತ ಹಳೆಯದಾದ ಶಾ-1ರ ಸರದಿ 2017ರ ಫೆಬ್ರುವರಿಯಲ್ಲಿ ಬಂತು: ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಮತ್ತು ಗೂಗಲ್ ಸಂಶೋಧಕರು ಒಂದೇ ಶಾ-1 ಇರುವ ಎರಡು ಬೇರೆ ಪಿಡಿಎಫ್‌ಗಳನ್ನು ಲೋಕದ ಮುಂದಿಟ್ಟರು.

ಇಲ್ಲಿ ಒಂದು ಸೂಕ್ಷ್ಮ. ಇವರೆಲ್ಲ ಮಾಡಿದ್ದು ಎರಡೂ ಫೈಲ್‌ಗಳನ್ನು ತಾವೇ ತಯಾರಿಸಿ ಡಿಕ್ಕಿ ಮಾಡಿಸಿದ್ದು. ನೀವು ಈಗಾಗಲೇ ಇಟ್ಟುಕೊಂಡಿರುವ ಫೈಲ್‌ನ ಎಂಡಿ5ಗೆ ಹೊಂದುವ ಇನ್ನೊಂದನ್ನು ಹೊರಗಿನವರು ಮಾಡುವುದು ಇಂದಿಗೂ ಕೈಗೆಟುಕದ ಕೆಲಸ. ಆದ್ದರಿಂದ ಹತ್ತು ವರ್ಷದ ಹಿಂದೆ ಬರೆದಿಟ್ಟ ಎಂಡಿ5 ಪಟ್ಟಿಯಿದ್ದರೆ ಎಸೆಯಬೇಡಿ, ಡಿಸ್ಕ್ ಹಾಳಾಗಿದೆಯೇ ಎಂದು ನೋಡಲು ಅದು ಧಾರಾಳ ಸಾಕು. ಅಪಾಯವಿರುವುದು ಇನ್ನೊಬ್ಬರು ತಯಾರಿಸಿ ಕೊಟ್ಟ ಕರಾರುಪತ್ರ, ಬಿಲ್ಲು, ಪ್ರೋಗ್ರಾಂಗಳ ವಿಷಯದಲ್ಲಿ. ಹೊಸ ಕೆಲಸಕ್ಕೆಲ್ಲ ಶಾ-256 ಹಿಡಿಯಿರಿ, ಅದರಲ್ಲಿ ಡಿಕ್ಕಿಯನ್ನು ಯಾರೂ ತೋರಿಸಿಲ್ಲ.

ಇನ್ನೊಂದು ಸಾಮಾನ್ಯ ಎಡವಟ್ಟು: ಪ್ರೋಗ್ರಾಂ ಇಳಿಸಿಕೊಂಡ ಜಾಗದಿಂದಲೇ ಅದರ ಶಾ-256 ಕೂಡ ಓದಿಕೊಂಡು ತಾಳೆ ನೋಡುವುದು. ಫೈಲ್ ಬದಲಿಸಿದವನಿಗೆ ಪಕ್ಕದ ಸಾಲು ಬದಲಿಸುವುದೇನು ಕಷ್ಟ? ಚೆಕ್‌ಸಮ್ ಬೇರೆ ದಾರಿಯಿಂದ ಬರಬೇಕು, ಇಲ್ಲವೇ ಡಿಜಿಟಲ್ ಸಹಿ ಇರಬೇಕು.

ಆಟದ ರೆಕಾರ್ಡಿಂಗ್ ಉಳಿಸುವ ಕ್ರಮ

ಉಡುಪಿಯ ಯಕ್ಷಗಾನ ಬಯಲಾಟವೊಂದರ ಇಡೀ ರಾತ್ರಿಯ ವೀಡಿಯೋವನ್ನೇ ತೆಗೆದುಕೊಳ್ಳೋಣ. ಸೆಕೆಂಡಿಗೆ 50 ಮೆಗಾಬಿಟ್‌ನಂತೆ ಎಂಟು ಗಂಟೆ ಎಂದರೆ 180 ಜಿಬಿ. ಆ ರಾತ್ರಿಯ ಆಟ, ಆ ಭಾಗವತಿಕೆ, ಆ ಅರ್ಥಗಾರಿಕೆ ಇನ್ನೊಮ್ಮೆ ಹಾಗೇ ಆಗುವುದಿಲ್ಲ. ಆದ್ದರಿಂದ ಕ್ರಮ ತಪ್ಪಬಾರದು.

ಹೆಜ್ಜೆ 1. ಕಂಪ್ಯೂಟರಿಗೆ ಹಾಕುವ ಮೊದಲು ಎಸ್‌ಡಿ ಕಾರ್ಡಿನ ಪಕ್ಕದ ಲಾಕ್ ಗುಂಡಿಯನ್ನು ಕೆಳಗೆ ಸರಿಸಿ. ಕಾರ್ಡ್ ಹಾಕಿದ ಕೂಡಲೇ ಕಂಪ್ಯೂಟರ್ ಅದರ ಮೇಲೆ ತನ್ನದೇ ಏನಾದರೂ ಬರೆಯುವುದುಂಟು.

ಹೆಜ್ಜೆ 2. ಚೆಕ್‌ಸಮ್ ಅನ್ನು ಕಾರ್ಡಿನ ಮೇಲಿನ ಮೂಲ ಫೈಲ್‌ಗಳಿಂದಲೇ ತೆಗೆಯಿರಿ. ಕಾಪಿ ಆದ ಮೇಲೆ ಡಿಸ್ಕಿನಲ್ಲಿರುವುದರಿಂದ ತೆಗೆದರೆ ಕಾಪಿಯಲ್ಲಾದ ತಪ್ಪಿಗೇ ಮುದ್ರೆ ಒತ್ತಿದ ಹಾಗೆ. ಎಷ್ಟೋ ಪಟ್ಟಿಗಳು ವ್ಯರ್ಥವಾಗುವುದು ಈ ಒಂದು ಕಾರಣಕ್ಕೆ. ಲಿನಕ್ಸ್‌ನಲ್ಲಿ ಶಾ256ಸಮ್, ಮ್ಯಾಕ್‌ನಲ್ಲಿ ಶಾಸಮ್ ಎಂಬ ಆಜ್ಞೆಗೆ ‘-ಎ 256’ ಸೇರಿಸಿ. ವಿಂಡೋಸ್‌ನಲ್ಲಿ ಒಂದೇ ಫೈಲ್ ಆದರೆ ಪವರ್‌ಶೆಲ್ ತೆರೆದು ಗೆಟ್-ಫೈಲ್‌ಹ್ಯಾಶ್ ಎಂದು ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಫೈಲನ್ನು ಎಳೆದು ಆ ವಿಂಡೋದೊಳಗೆ ಬಿಡಿ, ಎಂಟರ್ ಒತ್ತಿ. ಏನೂ ಹೇಳದಿದ್ದರೆ ಅದು ಶಾ-256 ಕೊಡುತ್ತದೆ. ಇಡೀ ಫೋಲ್ಡರ್ ಆದರೆ 7-ಜಿಪ್ ಹಾಕಿಕೊಂಡು ಬಲ ಕ್ಲಿಕ್‌ನ ಮೆನುವಿನಿಂದ ಶಾ-256 ಪಟ್ಟಿಯ ಫೈಲ್ ಮಾಡಿಸಿಕೊಳ್ಳಬಹುದು. ಕಾರ್ಡ್ ಲಾಕ್ ಆಗಿರುವುದರಿಂದ ಪಟ್ಟಿಯನ್ನು ಉಳಿಸುವ ಜಾಗ ಕಂಪ್ಯೂಟರಿನಲ್ಲಿರಲಿ.

ಬಂದ ಬೆಲೆ 64 ಅಕ್ಷರಗಳಷ್ಟಿರುತ್ತದೆ. ಅದು ಇ3ಬಿ0ಸಿ442 ಎಂದು ಶುರುವಾದರೆ ಅಲ್ಲೇ ನಿಲ್ಲಿ. ಅದು ಖಾಲಿ ಫೈಲ್‌ನ ಶಾ-256. ಫೈಲ್ ಹೆಸರಿದೆ, ಒಳಗೆ ಒಂದು ಬೈಟೂ ಇಲ್ಲ.

ಹೆಜ್ಜೆ 3. ಎರಡು ಬೇರೆ ಡಿಸ್ಕ್‌ಗಳಿಗೆ ಕಾಪಿ ಮಾಡಿ. ಡಿಸ್ಕ್ ಫ್ಯಾಟ್32 ಮಾದರಿಯದಾಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸದು. ಕ್ಯಾಮೆರಾ ತುಂಡು ಮಾಡಿ ಕೊಟ್ಟ ಫೈಲ್‌ಗಳನ್ನು ಜೋಡಿಸುವುದಾದರೆ ಜೋಡಿಸುವ ಮೊದಲೇ ಪಟ್ಟಿ ಮಾಡಿರಬೇಕು, ಜೋಡಿಸಿದ್ದಕ್ಕೆ ಬೇರೆಯೇ ಪಟ್ಟಿ. ಕಾಪಿ ಆಗುವಾಗ ಕರೆಂಟ್ ಹೋದರೆ ಆ ಡಿಸ್ಕಿನ ಕಾಪಿಯನ್ನು ಮೊದಲಿನಿಂದ ಮಾಡಿ. ಅರ್ಧ ಬರೆದ ಫೈಲ್‌ನ ಗಾತ್ರ ಪೂರ್ತಿಯೇ ತೋರಿಸಿ ಒಳಗೆ ಸೊನ್ನೆಗಳಿರಬಹುದು.

ಹೆಜ್ಜೆ 4. ಕಾಪಿ ಮುಗಿದ ಕೂಡಲೇ ತಾಳೆ ನೋಡಬೇಡಿ. ಡಿಸ್ಕನ್ನು ಇಜೆಕ್ಟ್ ಮಾಡಿ, ವೈರ್ ತೆಗೆದು, ಮತ್ತೆ ಚುಚ್ಚಿ, ಆಮೇಲೆ ನೋಡಿ. ಈಗಷ್ಟೇ ಬರೆದದ್ದು ಕಂಪ್ಯೂಟರಿನ ಮೆಮೊರಿಯಲ್ಲಿ ಇನ್ನೂ ಕೂತಿರುತ್ತದೆ. ಕೂಡಲೇ ಕೇಳಿದರೆ ಅದು ಡಿಸ್ಕ್ ಓದದೆ ತನ್ನ ನೆನಪಿನಿಂದಲೇ ಉತ್ತರ ಕೊಟ್ಟು, ಡಿಸ್ಕಿನಲ್ಲಿ ಹಾಳಾಗಿದ್ದರೂ ಸರಿಯಿದೆ ಎಂದುಬಿಡುತ್ತದೆ. ಲಿನಕ್ಸ್‌ನಲ್ಲಿ ಅದೇ ಆಜ್ಞೆಗೆ ‘-ಸಿ’ ಸೇರಿಸಿ ಪಟ್ಟಿಯ ಹೆಸರು ಕೊಟ್ಟರೆ ಪ್ರತಿ ಫೈಲ್ ಸರಿಯೋ ಅಲ್ಲವೋ ಎಂದು ಸಾಲುಸಾಲಾಗಿ ಹೇಳುತ್ತದೆ. ಸೆಕೆಂಡಿಗೆ 100 ಎಂಬಿ ಓದುವ ಡಿಸ್ಕ್ ಆದರೆ 180 ಜಿಬಿಗೆ ಅರ್ಧ ಗಂಟೆ. ಹಳೆಯ ಯುಎಸ್‌ಬಿ 2 ಪೋರ್ಟ್ ಆದರೆ ಒಂದೂವರೆ ಗಂಟೆ.

ಹೆಜ್ಜೆ 5. ಎರಡೂ ಡಿಸ್ಕ್ ತಾಳೆಯಾದ ಮೇಲಷ್ಟೇ ಕಾರ್ಡ್ ಫಾರ್ಮ್ಯಾಟ್ ಮಾಡಿ. ಪಟ್ಟಿಯ ಒಂದು ಪ್ರತಿ ಪ್ರತಿ ಡಿಸ್ಕಿನಲ್ಲಿ, ಇನ್ನೊಂದು ಇಮೇಲ್‌ನಲ್ಲಿ.

ಹೆಜ್ಜೆ 6. ವರ್ಷಕ್ಕೆರಡು ಸಲ ತಾಳೆ ನೋಡಿ. ತಿಂಗಳು ನೆನಪಿಟ್ಟುಕೊಳ್ಳುವುದು ನಮ್ಮಲ್ಲಿ ಸುಲಭ: ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದಾಗ ಒಮ್ಮೆ, ಮಳೆ ಹಿಡಿಯುವ ಮೊದಲು, ದೀಪಾವಳಿ ಕಳೆದು ತಿರುಗಾಟ ಶುರುವಾಗುವಾಗ ಇನ್ನೊಮ್ಮೆ, ಮಳೆಗಾಲದ ತೇವ ಕನೆಕ್ಟರ್‌ಗಳಿಗೆ ಏನು ಮಾಡಿದೆ ಎಂದು ನೋಡಲು. ಪೆನ್‌ಡ್ರೈವ್, ಎಸ್‌ಎಸ್‌ಡಿಗಳನ್ನು ಕರೆಂಟಿಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೆ ಒಳಗಿನ ವಿದ್ಯುದಂಶ ಸೋರಿ ಬಿಟ್‌ಗಳು ಕೆಡಬಹುದು.

ತಾಳೆಯಾಗದಿದ್ದರೆ

ಗಾಬರಿಯಲ್ಲಿ ಏನನ್ನೂ ಅಳಿಸಬೇಡಿ. ಮೊದಲು ಗಾತ್ರ ನೋಡಿ. ಗಾತ್ರವೇ ಬೇರೆಯಿದ್ದರೆ ಕಾಪಿ ಪೂರ್ತಿಯಾಗಿಲ್ಲ, ಅಥವಾ ಯಾರೋ ಫೈಲ್ ತೆರೆದು ಸೇವ್ ಮಾಡಿದ್ದಾರೆ. ಫೋಟೋಗೆ ಸ್ಟಾರ್ ಕೊಟ್ಟರೂ ಹಾಡಿನ ಫೈಲ್‌ನಲ್ಲಿ ಹೆಸರು ತಿದ್ದಿದರೂ ಒಳಗಿನ ಬೈಟ್ ಬದಲಾಗಬಹುದು. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದ್ದು ಮತ್ತೆ ಒತ್ತಿ ಕುಗ್ಗಿಸಿದ್ದು, ಅದು ಎಂದೂ ತಾಳೆಯಾಗದು. ಡಾಕ್ಯುಮೆಂಟ್ ಎಂದು ಕಳಿಸಬೇಕು. ಬರಿಯ ಫೈಲ್ ಹೆಸರು ಬದಲಿಸಿದರೆ ಚೆಕ್‌ಸಮ್ ಬದಲಾಗುವುದಿಲ್ಲ.

ಗಾತ್ರ ಒಂದೇ ಇದ್ದರೆ ಚೆಕ್‌ಸಮ್ ಇನ್ನೆರಡು ಸಲ ತೆಗೆಯಿರಿ, ಪ್ರತಿ ಸಲವೂ ಡಿಸ್ಕ್ ತೆಗೆದು ಚುಚ್ಚಿ. ಸಲಕ್ಕೊಂದು ಬೆಲೆ ಬಂದರೆ ಫೈಲ್ ಕೆಟ್ಟಿಲ್ಲದಿರಬಹುದು, ಓದುವ ದಾರಿ ಕೆಟ್ಟಿದೆ: ಕೇಬಲ್, ಪೋರ್ಟ್ ಅಥವಾ ರ್‍ಯಾಮ್. ಬೇರೆ ಕೇಬಲ್, ಬೇರೆ ಕಂಪ್ಯೂಟರ್ ಹಿಡಿಯಿರಿ. ಪ್ರತಿ ಸಲ ಅದೇ ತಪ್ಪು ಬೆಲೆ ಬಂದರೆ ಡಿಸ್ಕಿನಲ್ಲಿ ಬರೆದಿರುವುದೇ ತಪ್ಪು.

ಆಗ ಒಳ್ಳೆಯ ಪ್ರತಿಯ ಜೊತೆ ಬೈಟ್‌ಗೆ ಬೈಟ್ ಹೋಲಿಸಿ. ಲಿನಕ್ಸ್, ಮ್ಯಾಕ್‌ನಲ್ಲಿ ಸಿಎಂಪಿ ಆಜ್ಞೆಗೆ ‘-ಎಲ್’ ಸೇರಿಸಿ. ವಿಂಡೋಸ್‌ನಲ್ಲಿ ಎಫ್‌ಸಿ ಆಜ್ಞೆಗೆ ‘/ಬಿ’ ಸೇರಿಸಿ. ಎಫ್‌ಸಿಯನ್ನು ಕಮಾಂಡ್ ಪ್ರಾಂಪ್ಟ್‌ನಲ್ಲೇ ಓಡಿಸಬೇಕು, ಪವರ್‌ಶೆಲ್‌ನಲ್ಲಿ ಅದೇ ಹೆಸರಿಗೆ ಬೇರೆ ಅರ್ಥವಿದೆ. ವ್ಯತ್ಯಾಸದ ಚಹರೆ ನೋಡಿದರೆ ರೋಗ ತಿಳಿಯುತ್ತದೆ. ಒಂದೇ ಬೈಟ್‌ನಲ್ಲಿ ಒಂದೇ ಬಿಟ್ ತಿರುಗಿದ್ದರೆ ರ್‍ಯಾಮ್ ಮೇಲೆ ಅನುಮಾನ ಪಡಿ, ಒಂದು ರಾತ್ರಿ ಮೆಮೊರಿ ಪರೀಕ್ಷೆ ಓಡಲು ಬಿಡಿ. 4096 ಬೈಟ್‌ನ ಅಥವಾ ಅದರ ಮಗ್ಗಿಯ ತುಂಡುಗಳು ಪೂರ್ತಿ ಸೊನ್ನೆಯಾಗಿದ್ದರೆ ಬರೆಯುವಾಗ ಕರೆಂಟ್ ಹೋಗಿದೆ ಅಥವಾ ಇಜೆಕ್ಟ್ ಮಾಡದೆ ಕಿತ್ತಿದ್ದಾರೆ. ಮೊದಲಿನಿಂದಲೇ ಎಲ್ಲ ಬೇರೆಯಿದ್ದರೆ ಅದು ಬೇರೆಯೇ ಫೈಲ್.

ಚೆಕ್‌ಸಮ್ ರಿಪೇರಿ ಮಾಡುವುದಿಲ್ಲ. ಎರಡು ಪ್ರತಿಗಳಲ್ಲಿ ಯಾವುದು ಸರಿ ಎಂದು ಮಾತ್ರ ಅದು ಹೇಳುತ್ತದೆ, ಪಟ್ಟಿಯಿಲ್ಲದಿದ್ದರೆ ಅದೂ ತಿಳಿಯುತ್ತಿರಲಿಲ್ಲ. ರಿಪೇರಿಗೂ ದಾರಿ ಬೇಕೆಂದರೆ ಪಾರ್2 ಎಂಬ ಬಗೆಯ ಪೂರಕ ಫೈಲ್ ಮಾಡಿಡಿ, ಶೇ. 10 ಎಂದು ಹೇಳಿದರೆ 180 ಜಿಬಿಗೆ 18 ಜಿಬಿ ಹೆಚ್ಚು ಜಾಗ.

ಕನ್ನಡದ ಪಠ್ಯದಲ್ಲಿ ಒಂದು ವಿಶೇಷ ತೊಡಕು

ಪ್ರಸಂಗದ ಪದ್ಯಗಳನ್ನು ಟೈಪ್ ಮಾಡಿ ಇಡುವವರಿಗೆ ಇದು ಎದುರಾಗುತ್ತದೆ. ಕಣ್ಣಿಗೆ ಅಕ್ಷರಕ್ಕೆ ಅಕ್ಷರ ಒಂದೇ, ಚೆಕ್‌ಸಮ್ ಬೇರೆ. ‘ಕೋಣ’ ಎಂಬ ಪದ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ಕ, ಓತ್ವ, ಣ ಎಂಬ ಮೂರು ಸಂಕೇತಗಳಾಗಿ ಬರೆದರೆ ಯುಟಿಎಫ್-8ರಲ್ಲಿ 9 ಬೈಟ್. ಆದರೆ ಆ ಓತ್ವವನ್ನು ಎತ್ವ, ಊಕಾರದ ಕೊಂಬು, ದೀರ್ಘ ಎಂದು ಬಿಡಿಸಿ ಮೂರು ಸಂಕೇತವಾಗಿ ಬರೆಯುವುದಕ್ಕೂ ಅವಕಾಶವಿದೆ. ಆಗ 15 ಬೈಟ್. ಪರದೆಯ ಮೇಲೆ ಅದೇ ಕೋಣ. ಅರ್ಧಾಕ್ಷರ ಬಿಡಿಸಿ ತೋರಿಸಲು ಕೀಲಿಮಣೆ ಸೇರಿಸುವ, ಕಣ್ಣಿಗೆ ಕಾಣದ ಸಂಕೇತವೂ 3 ಬೈಟ್ ತಿನ್ನುತ್ತದೆ. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಬೈಟ್ ಇಟ್ಟರೆ ಲಿನಕ್ಸ್ ಒಂದೇ ಇಡುತ್ತದೆ. ಇವೆಲ್ಲ ಹಾನಿಯಲ್ಲ, ಚೆಕ್‌ಸಮ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಪಠ್ಯ ಒಂದೇ ಎಂದು ತಿಳಿಯಬೇಕಿದ್ದರೆ ಎರಡೂ ಫೈಲ್‌ಗಳನ್ನು ಮೊದಲು, ಬಿಡಿಸಿ ಬರೆದದ್ದನ್ನು ಕೂಡಿಸುವ ಎನ್‌ಎಫ್‌ಸಿ ಎಂಬ ಯೂನಿಕೋಡ್ ರೂಪಕ್ಕೆ ತಂದು, ಸಾಲಿನ ಕೊನೆಗಳನ್ನು ಒಂದೇ ಮಾಡಿ, ಆಮೇಲೆ ಹೋಲಿಸಿ. ಆ ಕಾಣದ ಸಂಕೇತವನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ, ಅದನ್ನು ಬೇರೆಯಾಗಿ ಹುಡುಕಬೇಕು.

ನ್ಯಾಯಾಲಯಕ್ಕೆ ಕೊಡುವ ಫೈಲ್ ಆದರೆ

ಅಂಗಡಿಯ ಸಿಸಿಟಿವಿ ದೃಶ್ಯವನ್ನೋ ಫೋನಿನ ರೆಕಾರ್ಡಿಂಗನ್ನೋ ಸಾಕ್ಷ್ಯವಾಗಿ ಕೊಡಬೇಕಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರ ಪ್ರಮಾಣಪತ್ರ ಬೇಕು. ಅದರ ನಮೂನೆಯಲ್ಲೇ ಹ್ಯಾಶ್ ಬೆಲೆ, ಅಂದರೆ ಶಾ-256ರಂಥ ಚೆಕ್‌ಸಮ್, ಬರೆಯುವ ಜಾಗವಿದ್ದು, ಶಾ-1, ಶಾ-256, ಎಂಡಿ5 ಮುಂತಾದ ಆಯ್ಕೆಗಳಿವೆ. ಗುರುತು ಹಾಕುವಾಗ ಶಾ-256 ಆರಿಸಿ. ಎದುರು ಪಕ್ಷದವರು ಎಂಡಿ5, ಶಾ-1ರ ಡಿಕ್ಕಿಯ ಪ್ರಶ್ನೆ ಎತ್ತಲು ಆಗ ಎಡೆಯಿರುವುದಿಲ್ಲ. ಹ್ಯಾಶ್ ತೆಗೆಯಬೇಕಾದದ್ದು ರೆಕಾರ್ಡರ್‌ನಿಂದ ಹೊರತೆಗೆದ ಮೂಲ ಫೈಲ್‌ಗೆ, ಎಡಿಟ್ ಮಾಡುವ, ಕತ್ತರಿಸುವ, ಬೇರೆ ರೂಪಕ್ಕೆ ಬದಲಿಸುವ ಮೊದಲು. 64 ಅಕ್ಷರಗಳನ್ನು ಕೈಯಲ್ಲಿ ನಕಲು ಮಾಡಬೇಡಿ. ಕಾಪಿ-ಪೇಸ್ಟ್ ಮಾಡಿ ಪ್ರಿಂಟ್ ತೆಗೆದು, ಪ್ರಿಂಟಿನ ಮೊದಲ ಎಂಟು ಮತ್ತು ಕೊನೆಯ ಎಂಟು ಅಕ್ಷರಗಳನ್ನು ಪರದೆಯ ಜೊತೆ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ ತಾಳೆ ನೋಡಿ.